ರೀಜೆನ್ಸಿ ಗೌನು ನೈಟಿಯಂತೆ ಕಾಣಬಾರದು ಅಂದ್ರೆ: ಒಳಗಿನಿಂದ ಹೊರಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಎದೆಯ ಕೆಳಗೇ ಸೊಂಟ. ಅಲ್ಲಿಂದ ಕಣಕಾಲಿನವರೆಗೆ ನೇರವಾಗಿ ಇಳಿಯುವ ಬಿಳಿ ಬಟ್ಟೆ. ಪುಟ್ಟ ಪಫ್ ತೋಳು. ರೀಜೆನ್ಸಿ ಕಾಲದ ಇಂಗ್ಲಿಷ್ ಹೆಂಗಸರ ಉಡುಪು ಚಿತ್ರದಲ್ಲಿ ಇಷ್ಟೇ ಕಾಣುತ್ತದೆ. ಅದನ್ನೇ ಟೇಲರ್‌ಗೆ ತೋರಿಸಿ ಹೊಲಿಸಿದರೆ ಕೈಗೆ ಬರುವುದು ನೈಟಿ. ನಾಟಕಗಳಲ್ಲಿ, ಕಾಲೇಜು ಫೆಸ್ಟ್‌ಗಳಲ್ಲಿ ಇಂಥ ನೈಟಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಪಾಪ, ಟೇಲರ್ ಏನು ಮಾಡಿಯಾರು? ಈ ಉಡುಪಿಗೆ ಆಕಾರ ಬರುವುದು ಗೌನಿನ ಕೆಳಗಿರುವ ಪದರಗಳಿಂದ, ಆಮೇಲೆ ಚಿತ್ರದಲ್ಲಿ ಕಾಣದ ಬೆನ್ನಿನ ಕತ್ತರಿಕೆಯಿಂದ. ಹಾಗಾಗಿ ಒಳಗಿನಿಂದ ಶುರು ಮಾಡೋಣ.

ಹೆಜ್ಜೆ 1: ಮೊದಲು ಒಂದು ವರ್ಷ ಹಿಡಿಯಿರಿ

ಮೂರನೇ ಜಾರ್ಜ್ ದೊರೆಗೆ ಕಾಯಿಲೆ ಜಾಸ್ತಿಯಾಗಿ, 1811ರ ಫೆಬ್ರವರಿಯಲ್ಲಿ ಮಗ ಅವರ ಪರವಾಗಿ ಅಧಿಕಾರ ವಹಿಸಿಕೊಂಡ. 1820ರ ಜನವರಿಯಲ್ಲಿ ದೊರೆ ತೀರಿಕೊಳ್ಳುವವರೆಗೆ ಹೀಗೇ ನಡೆಯಿತು. ಲೆಕ್ಕಕ್ಕೆ ರೀಜೆನ್ಸಿ ಅಂದರೆ ಈ ಒಂಬತ್ತು ವರ್ಷ. ಉಡುಪಿನ ಮಟ್ಟಿಗೆ ಮಾತ್ರ ಜನ 1795ರಿಂದ 1820ರವರೆಗೆ ಎಲ್ಲವನ್ನೂ ಈ ಹೆಸರಿನಲ್ಲೇ ಸೇರಿಸುತ್ತಾರೆ. ಗೊಂದಲ ಶುರುವಾಗುವುದೇ ಅಲ್ಲಿ. ಯಾಕಂದ್ರೆ ಆ ಇಪ್ಪತ್ತೈದು ವರ್ಷದಲ್ಲಿ ಗೌನು ಒಂದೇ ತರಹ ಇರಲಿಲ್ಲ.

1800ರ ಆಸುಪಾಸಿನ ಗೌನು ತೆಳು ಬಿಳಿ ಮಸ್ಲಿನ್‌ದು. ಸುತ್ತಲೂ ನೆರಿಗೆ, ಹಿಂದೆ ನೆಲಕ್ಕೆ ಎಳೆಯುವ ಬಾಲ. ಗ್ರೀಕ್, ರೋಮನ್ ಕಲ್ಲಿನ ವಿಗ್ರಹಗಳಂತೆ ಕಾಣಬೇಕೆಂಬ ಆಸೆ ಆಗ ಜೋರಾಗಿತ್ತು. 1811ರ ಹೊತ್ತಿಗೆ ಹಗಲಿನ ಗೌನಿನಲ್ಲಿ ಬಾಲ ಹೋಗಿ, ಉದ್ದ ಕಣಕಾಲಿಗೆ ಬಂತು, ಲಂಗ ಕಿರಿದಾಯಿತು. 1816ರ ಮೇಲೆ ಸೊಂಟ ಇನ್ನೂ ಮೇಲಕ್ಕೇರಿತು. ಕೆಳಗಿನ ಅಂಚಿಗೆ ಫ್ರಿಲ್ಲು, ಹತ್ತಿ ತುಂಬಿದ ಸುರುಳಿ ಎಲ್ಲ ಸೇರಿ ಲಂಗ ಗಂಟೆಯಂತೆ ಅಗಲವಾಯಿತು.

ನಡುವೆ ಒಂದು ತಮಾಷೆ ಇದೆ. ನೆಪೋಲಿಯನ್ ಜೊತೆಗಿನ ಯುದ್ಧದಿಂದಾಗಿ ಇಂಗ್ಲೆಂಡಿಗೂ ಪ್ಯಾರಿಸ್ಸಿಗೂ ಓಡಾಟ ಬಹಳ ಕಡಿಮೆಯಾಗಿತ್ತು. ಇಂಗ್ಲಿಷ್ ಗೌನಿನ ಸೊಂಟ ತನ್ನ ಪಾಡಿಗೆ ಸ್ವಲ್ಪ ಕೆಳಗೆ ಜಾರಿತ್ತು. 1814ರಲ್ಲಿ ಶಾಂತಿಯಾಗಿ ಪ್ಯಾರಿಸ್ಸಿಗೆ ಹೋದವರು ನೋಡಿದರೆ ಅಲ್ಲಿ ಸೊಂಟ ಮೇಲೆಯೇ ಇದೆ! ವಾಪಸ್ ಬಂದವರು ತಮ್ಮದನ್ನೂ ಮೇಲಕ್ಕೆ ಏರಿಸಿಕೊಂಡರು.

ಮೊದಲ ಸಲ ಹೊಲಿಯುವವರಿಗೆ ನನ್ನ ಸಲಹೆ 1811-12. ಅಲಂಕಾರ ಕಡಿಮೆ, ಬಟ್ಟೆಯೂ ಕಡಿಮೆ, ನಡೆಯಲು ಸುಲಭ. ವರ್ಷದ ಜೊತೆಗೆ ಹೊತ್ತನ್ನೂ ಈಗಲೇ ಗೊತ್ತು ಮಾಡಿ. ಹಗಲಿನ ಉಡುಪಾದರೆ ಕತ್ತು ಮುಚ್ಚಿರಬೇಕು, ತೋಳು ಉದ್ದವಿರಬೇಕು. ಸಂಜೆಯದಾದರೆ ಕತ್ತು ಇಳಿದಿರುತ್ತದೆ, ತೋಳು ಗಿಡ್ಡ. ಇವೆರಡನ್ನು ಬೆರೆಸುವುದೇ ನಾನು ಕಾಣುವ ದೊಡ್ಡ ಎಡವಟ್ಟು.

ಹೆಜ್ಜೆ 2: ಬಟ್ಟೆ. ಬೀರುವಿನಲ್ಲೇ ಇರಬಹುದು

ಅಂದಿನ ಅತ್ಯುತ್ತಮ ಮಸ್ಲಿನ್ ಬಂಗಾಳದಿಂದ, ಅದರಲ್ಲೂ ಢಾಕಾದ ಕಡೆಯಿಂದ ಹೋಗುತ್ತಿತ್ತು. ಇಂಗ್ಲೆಂಡಿನಲ್ಲಿ 1721ರಿಂದ 1774ರವರೆಗೆ ಬಣ್ಣದ ಅಚ್ಚು ಹಾಕಿದ ಹತ್ತಿ ಬಟ್ಟೆಗೆ ಕಾನೂನಿನ ತಡೆ ಇತ್ತು. ತಮ್ಮ ಉಣ್ಣೆ, ರೇಷ್ಮೆ ನೇಯುವವರನ್ನು ಕಾಪಾಡಲು ಮಾಡಿದ ಕಾನೂನು ಅದು. ತಡೆ ಹೋದಮೇಲೆ ಹತ್ತಿಯ ಹುಚ್ಚು ಹಿಡಿಯಿತು. 1779ರಲ್ಲಿ ಸಾಮ್ಯುಯೆಲ್ ಕ್ರಾಂಪ್ಟನ್ ಮಾಡಿದ ನೂಲುವ ಯಂತ್ರದಿಂದ ಅವರೂ ತೆಳು ನೂಲು ತೆಗೆಯಲು ಕಲಿತರು. ರೀಜೆನ್ಸಿಯ ಹೊತ್ತಿಗೆ ಮಧ್ಯಮ ವರ್ಗದ ಹೆಂಗಸರೂ ಗಿರಣಿಯ ಅಗ್ಗದ ಮಸ್ಲಿನ್ ಉಡುತ್ತಿದ್ದರು. ಆ ಅಗ್ಗದ ಹಿಂದೆ ಬಂಗಾಳದ ನೇಕಾರರ ಬದುಕು ಮುರಿದುಬಿದ್ದದ್ದೂ ಇದೆ, ಅಮೆರಿಕದ ಹತ್ತಿ ಹೊಲಗಳಲ್ಲಿ ಗುಲಾಮರು ದುಡಿದದ್ದೂ ಇದೆ. ಚೆಂದದ ಚಿತ್ರಗಳಲ್ಲಿ ಇದು ಕಾಣುವುದಿಲ್ಲ, ಅಷ್ಟೇ.

ಈಗ ನಮಗೆ ಬೇಕಾದದ್ದು. ಗೌನಿಗೆ ಬಿಳಿ ಅಥವಾ ಕೆನೆ ಬಣ್ಣದ ಮಲ್ ಕಾಟನ್ ಸೀರೆಯಷ್ಟು ಒಳ್ಳೆಯ ಬಟ್ಟೆ ಬೇರೆ ಇಲ್ಲ. ಸಣ್ಣ ಅಂಚು, ಚಿಕ್ಕ ಬುಟ್ಟಾ ಇದ್ದರೆ ಇನ್ನೂ ಚೆನ್ನ. ಬಂಗಾಳದ ಜಾಮ್ದಾನಿ ಸಿಕ್ಕರೆ ಕೇಳುವುದೇ ಬೇಡ. ಸೀರೆಯ ಅಗಲ ಸುಮಾರು 45-46 ಇಂಚು. ಐದಡಿ ಮೂರಿಂಚು ಎತ್ತರದ ಹೆಂಗಸಿಗೆ ಎದೆಯ ಕೆಳಗಿನಿಂದ ಕಣಕಾಲಿನವರೆಗೆ ಹೆಚ್ಚು ಕಡಿಮೆ ಇಷ್ಟೇ ಬೇಕು. ಅಂದರೆ ಸೀರೆಯನ್ನು ಅಡ್ಡಲಾಗಿ ಇಟ್ಟರೆ ಅಂಚು ತಾನೇ ಗೌನಿನ ಕೆಳಗಿನ ಬಾರ್ಡರ್ ಆಗುತ್ತದೆ, ಹೆಮ್ಮಿಂಗ್ ಕೆಲಸ ಉಳಿಯುತ್ತದೆ. ಉದ್ದ ಹೆಚ್ಚಾದರೆ ಕೆಳಗೆ ಅಡ್ಡ ಟಕ್ಸ್ ಹಿಡಿಯಿರಿ. ಅದು ಆ ಕಾಲದ ಅಲಂಕಾರವೇ.

ಇಳಕಲ್, ಕಾಂಚೀಪುರಂ ಬೇಡ. ಅವು ಉಟ್ಟರೆ ಚೆಂದ, ಆದರೆ ಈ ಗೌನಿಗೆ ಬಟ್ಟೆ ಮೈಗಂಟಿ ಇಳಿಯಬೇಕು. ಗಟ್ಟಿ ರೇಷ್ಮೆ ಸೆಟೆದು ನಿಲ್ಲುತ್ತದೆ. ಪಾಲಿಯೆಸ್ಟರ್ ಜಾರ್ಜೆಟ್ ಇಳಿಯುವುದೇನೋ ಇಳಿಯುತ್ತದೆ, ಆದರೆ ಹತ್ತಿಯ ಮಂಕು ಹೊಳಪು ಅದಕ್ಕೆ ಬರುವುದಿಲ್ಲ.

ಒಟ್ಟು ಪಟ್ಟಿ ಹೀಗಿದೆ:

- ಗೌನಿಗೆ 5.5 ಮೀಟರಿನ ಒಂದು ಸೀರೆ
- ಒಳಗಿನ ಶಿಫ್ಟ್‌ಗೆ ಮೆತ್ತನೆಯ ಬಿಳಿ ಕಾಟನ್ 2.5 ಮೀಟರ್ (ಹಳೆಯ ಮಲ್ ಪಂಚೆ ಇದ್ದರೆ ಅದೇ ಸಾಕು)
- ಸ್ಟೇಸ್‌ಗೆ (ಎದೆಯನ್ನು ಮೇಲೆತ್ತಿ ಹಿಡಿಯುವ ಗಟ್ಟಿ ಒಳಕುಪ್ಪಸ) ಡ್ರಿಲ್ ಬಟ್ಟೆ 1 ಮೀಟರ್
- ಪೆಟಿಕೋಟ್‌ಗೆ ಕೇಂಬ್ರಿಕ್ 3 ಮೀಟರ್
- ಮೇಲ್ಭಾಗದ ಲೈನಿಂಗ್‌ಗೆ ಅರ್ಧ ಮೀಟರ್
- ಲಾಡಿ, ಹತ್ತಿಯ ದಪ್ಪ ದಾರ, ಗುಂಡುಸೂಜಿ, ಮತ್ತೆ 30 ಸೆಂಟಿಮೀಟರಿನ ಒಂದು ಮರದ ಸ್ಕೇಲು

ಸ್ಕೇಲು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹೆಜ್ಜೆ 3: ಶಿಫ್ಟ್

ಮೈಗೆ ತಾಗುವ ಮೊದಲ ಬಟ್ಟೆ ಇದು. ಮೊಣಕಾಲಿನವರೆಗೆ ಬರುವ ಸಡಿಲ ಅಂಗಿ. ಅಂದು ಇದನ್ನು ನಾರಗಸೆ (ಲಿನನ್) ಬಟ್ಟೆಯಲ್ಲಿ ಹೊಲಿಯುತ್ತಿದ್ದರು. ಬೆವರು ಹೀರುವುದು ಇದರ ಕೆಲಸ. ಗೌನಿಗಿಂತ ಶಿಫ್ಟೇ ಹೆಚ್ಚು ಸಲ ಒಗೆತಕ್ಕೆ ಬೀಳುತ್ತಿತ್ತು.

ಹೊಲಿಗೆ ಸುಲಭ. ಎಲ್ಲವೂ ಚೌಕ, ಆಯತ, ತ್ರಿಕೋನ. ಮೈಗೆ ಉದ್ದನೆಯ ಆಯತ, ತೋಳಿಗೆ ಚಿಕ್ಕ ಆಯತ, ಕಂಕುಳಲ್ಲಿ 10 ಸೆಂಟಿಮೀಟರಿನ ಚೌಕದ ತುಂಡು, ಕೆಳಗೆ ಅಗಲಕ್ಕೆ ಎರಡು ಪಕ್ಕದಲ್ಲಿ ತ್ರಿಕೋನ. ಕತ್ತು ಅಗಲ ಬಿಟ್ಟು ಲಾಡಿ ಎಳೆಯಿರಿ. ಗೌನಿನ ಕತ್ತಿಗಿಂತ ಇದು ಒಂದು ಬೆರಳು ಕೆಳಗೇ ಇರಬೇಕು, ಹೊರಗೆ ಇಣುಕಬಾರದು.

ಇದರ ಕೆಳಗೆ? ಹೆಂಗಸರ ಉದ್ದ ಚಡ್ಡಿ ಆಗಷ್ಟೇ ಬರುತ್ತಿತ್ತು, ಸುಮಾರು ಜನ ಅದನ್ನು ಹಾಕುತ್ತಲೇ ಇರಲಿಲ್ಲ. ನೀವು ನಿಮಗೆ ಬೇಕಾದದ್ದು ಹಾಕಿಕೊಳ್ಳಿ, ಯಾರು ನೋಡುತ್ತಾರೆ!

ಹೆಜ್ಜೆ 4: ಸ್ಟೇಸ್. ಇಲ್ಲಿ ಅವಸರ ಬೇಡ

ಉಸಿರು ಕಟ್ಟುವಂತೆ ಸೊಂಟ ಬಿಗಿಯುವ ಕಾರ್ಸೆಟ್ ಚಿತ್ರ ನಿಮ್ಮ ತಲೆಯಲ್ಲಿದ್ದರೆ ತೆಗೆದುಬಿಡಿ. ಅದು ವಿಕ್ಟೋರಿಯಾ ರಾಣಿಯ ಕಾಲದ ಕಥೆ. ಇಲ್ಲಿ ಸೊಂಟ ಕಾಣುವುದೇ ಇಲ್ಲ, ಬಿಗಿದು ಏನು ಪ್ರಯೋಜನ? ಸ್ಟೇಸ್‌ನ ಕೆಲಸ ಎದೆಯನ್ನು ಮೇಲೆತ್ತಿ ಎರಡನ್ನೂ ಬೇರೆ ಬೇರೆ ನಿಲ್ಲಿಸುವುದು. ಭುಜ ಮತ್ತು ಮೊಣಕೈಯ ನಡುಮಟ್ಟಕ್ಕೆ ಎದೆಯ ತುದಿ ಬಂದರೆ ಸರಿಯಾಗಿದೆ ಅಂತ ಅರ್ಥ. ಇಂದಿನ ಬ್ರಾ ಅಷ್ಟು ಎತ್ತುವುದಿಲ್ಲ. ಅದರ ಮೇಲೆ ಗೌನು ಹಾಕಿದರೆ ಸೊಂಟದ ಹೊಲಿಗೆ ಎದೆಯ ಮೇಲೇ ಕೂರುತ್ತದೆ, ಗೌನು ಕೆಡುತ್ತದೆ.

ಸ್ಟೇಸ್‌ನಲ್ಲಿ ಎರಡು ಬಗೆ. ಸೊಂಟದ ಕೆಳಗಿನವರೆಗೆ ಬರುವುದು ಉದ್ದನೆಯದು, ಪಕ್ಕೆಲುಬಿಗೇ ನಿಲ್ಲುವುದು ಗಿಡ್ಡದು. ಮೊದಲ ಸಲಕ್ಕೆ ಗಿಡ್ಡದು ಸಾಕು, ಆದರೆ ಮೈ ತುಂಬಿಕೊಂಡವರಿಗೆ ಉದ್ದನೆಯದೇ ಹಿತ. ಗಿಡ್ಡದು ಮೇಲಕ್ಕೆ ಮಡಚಿಕೊಂಡು ಚುಚ್ಚುತ್ತದೆ.

ಡ್ರಿಲ್ ಬಟ್ಟೆ ಎರಡು ಪದರ ತೆಗೆದುಕೊಳ್ಳಿ. ಎದೆಯ ಕೆಳಗಿನ ಸುತ್ತಳತೆಗಿಂತ 5 ಸೆಂಟಿಮೀಟರ್ ಕಡಿಮೆ ಇರುವ ಪಟ್ಟಿ ಕತ್ತರಿಸಿ. ಹಿಂದೆ ಲಾಡಿ ಎಳೆದಾಗ ಆ ಸಂದು ಬೇಕು. ಮುಂಭಾಗದಲ್ಲಿ ಪ್ರತಿ ಎದೆಗೂ ಮೇಲಿನಿಂದ ಎರಡೆರಡು ಸೀಳು ಹಾಕಿ, ಅದರೊಳಗೆ ತ್ರಿಕೋನದ ತುಂಡು ಸೇರಿಸಿ. ಕಪ್ ಆಗುವುದು ಇದರಿಂದಲೇ. ತ್ರಿಕೋನದ ಮೂತಿ ಕಿತ್ತುಬರುವ ಜಾಗ, ಅಲ್ಲಿ ಕಾಜ ಹೊಲಿಗೆ ಹಾಕಿ ಬಿಗಿ ಮಾಡಿ. ಮೇಲಂಚಿಗೂ ಲಾಡಿ ಎಳೆದರೆ ಕಪ್ ಮೈಗೆ ಕೂರುತ್ತದೆ. ಎರಡು ಪದರದ ನಡುವೆ ಸಾಲು ಹೊಲಿಗೆ ಹಾಕಿ ದಪ್ಪ ದಾರ ತೂರಿಸಿ. ಬಟ್ಟೆ ಸುಕ್ಕಾಗದೆ ನಿಲ್ಲುತ್ತದೆ.

ಈಗ ಸ್ಕೇಲು. ಎದೆಯ ಮಧ್ಯೆ ಮೇಲಿಂದ ಕೆಳಕ್ಕೆ ಒಂದು ಉದ್ದ ಜೇಬು ಹೊಲಿದು, ಅದರೊಳಗೆ ಚಪ್ಪಟೆ ಮರದ ಪಟ್ಟಿ ಜಾರಿಸುತ್ತಿದ್ದರು. ಅದಕ್ಕೆ ಬಸ್ಕ್ ಅಂತ ಹೆಸರು. ಎರಡು ಎದೆಯನ್ನು ಬೇರೆ ನಿಲ್ಲಿಸುವುದು ಇದೇ. ನಮ್ಮ ಮರದ ಸ್ಕೇಲನ್ನು ಬೇಕಾದ ಉದ್ದಕ್ಕೆ ಕತ್ತರಿಸಿ, ಅಂಚನ್ನೆಲ್ಲ ಮರಳು ಕಾಗದದಲ್ಲಿ ಉಜ್ಜಿ ನುಣುಪು ಮಾಡಿ ಹಾಕಿ. ಲೋಹದ ಅಂಚಿನ ಸ್ಕೇಲು ಬೇಡ.

ಹಿಂದೆ ಲಾಡಿಯ ತೂತುಗಳಿಗೆ ಲೋಹದ ಐಲೆಟ್ ಹೊಡೆಸಬೇಡಿ. ಅದು ಬಂದದ್ದು ಆಮೇಲೆ. ಕೈಯಿಂದಲೇ ಕಾಜದಂತೆ ಸುತ್ತ ಹೊಲಿಯಿರಿ. ಲಾಡಿಯೂ ಶೂ ಲೇಸಿನಂತೆ ಅಡ್ಡಡ್ಡ ಹೋಗುವುದಿಲ್ಲ. ಒಂದೇ ದಾರ, ಕೆಳಗೆ ಗಂಟು, ಅಲ್ಲಿಂದ ಸುರುಳಿಯಾಗಿ ಮೇಲಕ್ಕೆ. ಇದಕ್ಕಾಗಿ ಎಡಗಡೆಯ ತೂತುಗಳು ಬಲಗಡೆಯವಕ್ಕಿಂತ ಅರ್ಧ ಅಂತರ ಮೇಲೆ ಇರಲಿ.

ಇಷ್ಟೆಲ್ಲ ಆಗದು, ನಾಟಕ ನಾಳೆಯೇ ಇದೆ ಅನ್ನುವವರು ಪುಷ್ ಅಪ್ ಬ್ರಾ ಹಾಕಿ ಪಟ್ಟಿಯನ್ನು ಪೂರಾ ಗಿಡ್ಡ ಮಾಡಿ. ದೂರದಿಂದ ನಡೆಯುತ್ತದೆ.

ಹೆಜ್ಜೆ 5: ಪೆಟಿಕೋಟ್

ಸೀರೆಯ ಒಳಲಂಗ ಇಲ್ಲಿ ಕೆಲಸಕ್ಕೆ ಬಾರದು, ಅದು ಕಟ್ಟುವುದು ಸೊಂಟಕ್ಕೆ. ಇದು ಎದೆಯ ಕೆಳಗೆ ನಿಲ್ಲಬೇಕು. ಹಾಗಾಗಿ ಭುಜಕ್ಕೆ ಪಟ್ಟಿ ಕೊಟ್ಟು ನೇತುಹಾಕಬೇಕು. ಮುಂದೆ ಸಪಾಟು, ಹಿಂದೆ ನೆರಿಗೆ. ಮಸ್ಲಿನ್ ತೆಳು, ಬೆಳಕಿಗೆ ಕಾಲು ಕಾಣದಿರಲು ಇದು ಬೇಕೇ ಬೇಕು.

ಮಸ್ಲಿನ್ ಮೈಗಂಟಲಿ ಎಂದು ಹೆಂಗಸರು ಬಟ್ಟೆಗೆ ನೀರು ಚಿಮುಕಿಸಿಕೊಂಡು ಹೋಗುತ್ತಿದ್ದರು ಎಂಬ ಕಥೆ ಎಲ್ಲ ಕಡೆ ಓದಲು ಸಿಗುತ್ತದೆ. ಗಟ್ಟಿ ಸಾಕ್ಷಿ ಇಲ್ಲದ ಮಾತು. ಇಂಗ್ಲೆಂಡಿನ ಚಳಿಯಲ್ಲಿ ಯಾರಾದರೂ ಹಾಗೆ ಮಾಡ್ತಾರಾ?

ಹೆಜ್ಜೆ 6: ಗೌನು

ಸ್ಟೇಸ್ ಹಾಕಿಕೊಂಡೇ ಅಳತೆ ತೆಗೆಯಿರಿ. ಬೇಕಾದ ಅಳತೆ ಎದೆ, ಎದೆಯ ಕೆಳಗಿನ ಸುತ್ತ, ಅಲ್ಲಿಂದ ಕಣಕಾಲು, ತೋಳಿನ ಸುತ್ತ, ಹಿಂದೆ ಎರಡು ಕಂಕುಳಿನ ನಡುವಿನ ಅಗಲ. ಮೊದಲು ಲೈನಿಂಗ್ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ನೋಡಿ. ಸರಿ ಬಂದಮೇಲೆ ಸೀರೆಗೆ ಕತ್ತರಿ.

ಬೆನ್ನಿನಿಂದ ಶುರು ಮಾಡಿ. ಇಂದಿನ ಬ್ಲೌಸಿನಲ್ಲಿ ಭುಜದ ಹೊಲಿಗೆ ಭುಜದ ಮೇಲೇ ಇರುತ್ತದೆ. ಇಲ್ಲಿ ಅದು ಹಿಂದಕ್ಕೆ ಜಾರಿ ಬೆನ್ನಿನ ಮೇಲೆ ಓರೆಯಾಗಿ ಇಳಿಯುತ್ತದೆ. ತೋಳಿನ ಸುತ್ತಿನ ಹಿಂಭಾಗದಿಂದ ಇನ್ನೊಂದು ಹೊಲಿಗೆ ಬಾಗಿ ಬಂದು, ಕೆಳಗೆ ಬೆನ್ನಿನ ಮಧ್ಯಕ್ಕೆ ಹತ್ತಿರ ಸೇರುತ್ತದೆ. ಎಲ್ಲ ಸೇರಿ ಬೆನ್ನ ಮೇಲೆ ವಜ್ರದ ಆಕಾರ ಕಾಣಬೇಕು. ಕೆಳತುದಿಯಲ್ಲಿ ಬೆನ್ನಿನ ತುಂಡು ಒಂದು ಅಂಗೈಗಿಂತ ಕಿರಿದಾಗಿದ್ದರೂ ಪರವಾಗಿಲ್ಲ. ತೋಳಿನ ಸುತ್ತು ಚಿಕ್ಕದಾಗಿ, ಕಂಕುಳಿಗೆ ಹತ್ತಿರವಾಗಿ ಇರಲಿ. ಹಿಂದೆ ಕಿರಿದು ಮಾಡಿದಷ್ಟೂ ಭುಜ ತಾನಾಗಿ ಹಿಂದಕ್ಕೆ ಹೋಗುತ್ತದೆ, ನಿಲುವು ನೆಟ್ಟಗಾಗುತ್ತದೆ. ಟೇಲರ್ ಕೈಲಿ ಹೊಲಿಸುವುದಾದರೆ ಈ ಒಂದು ಮಾತನ್ನು ಎರಡು ಸಲ ಹೇಳಿ. ಅಭ್ಯಾಸಬಲದಿಂದ ಅವರು ಭುಜದ ಹೊಲಿಗೆಯನ್ನು ಮೇಲಕ್ಕೆ ತಂದುಬಿಡುತ್ತಾರೆ.

ಮುಂಭಾಗಕ್ಕೆ ಡಾರ್ಟ್ ಬೇಡ. ಎದೆಯ ಕೆಳಗೆ ಸಣ್ಣ ನೆರಿಗೆ ಹಿಡಿದರೆ ಸಾಕು. ಕತ್ತಿನಂಚಿಗೂ ಲಾಡಿ ಎಳೆಯಬಹುದು.

ತೋಳಿನ ನೆರಿಗೆ ಭುಜದ ನೆತ್ತಿಯ ಮೇಲೂ ಅದಕ್ಕಿಂತ ಹಿಂದೂ ಕೂರಲಿ, ಮುಂದೆ ಬೇಡ. ಉದ್ದ ತೋಳಾದರೆ ಕಿರಿದಾಗಿ ಗೆಣ್ಣಿನವರೆಗೆ ಬರಲಿ. ಸೀರೆಯ ಮೇಲಿನ ಅಂಚು ಕತ್ತರಿಸಿದಾಗ ಉಳಿಯುತ್ತದಲ್ಲ, ಅದನ್ನೇ ತೋಳಿನ ಪಟ್ಟಿಗೆ ಹಾಕಿ.

ಲಂಗಕ್ಕೆ ಮುಂದೆ 80 ಸೆಂಟಿಮೀಟರ್, ಹಿಂದೆ 160. ಕೆಳಸುತ್ತು 2.4 ಮೀಟರ್ ಆಯಿತು, ಇನ್ನೂ 3 ಮೀಟರ್ ಸೀರೆ ಉಳಿದಿದೆ. ಪಕ್ಕದ ಹೊಲಿಗೆಯಲ್ಲಿ ಮೇಲಿನಿಂದ ಮಾತ್ರ ಓರೆಯಾಗಿ ಕತ್ತರಿಸಿ, ಕೆಳಗೆ ಬರುತ್ತಾ ಸೊನ್ನೆ ಮಾಡಿ. ಅಂಚು ಹಾಳಾಗುವುದಿಲ್ಲ, ಮುಂದೆ ದಪ್ಪವೂ ಕಾಣುವುದಿಲ್ಲ. ಉಳಿದ ಅಗಲವನ್ನೆಲ್ಲ ಹಿಂದೆ, ಬೆನ್ನಿನ ಮಧ್ಯದ 10-12 ಸೆಂಟಿಮೀಟರಿಗೆ ತುಂಬಿ. ನೆರಿಗೆಗೆ ಎರಡು ಸಾಲು ಸಮನಾದ ಕೈಹೊಲಿಗೆ ಹಾಕಿ ಎಳೆಯಿರಿ. ಮಿಷಿನ್ ನೆರಿಗೆ ಇಷ್ಟು ಒತ್ತಾಗಿ ಬರುವುದಿಲ್ಲ. ಒಳಗಡೆ ಒಂದು ಪುಟ್ಟ ಹತ್ತಿಯ ದಿಂಬು ಹೊಲಿದರೆ ಲಂಗ ಬೆನ್ನಿನಿಂದ ಸ್ವಲ್ಪ ಎದ್ದು ಇಳಿಯುತ್ತದೆ. ಅಂದೂ ಹೀಗೆ ಮಾಡುತ್ತಿದ್ದರು.

ಹಾಕುವುದು, ಬಿಚ್ಚುವುದು ಹೇಗೆ? ಜಿಪ್ ಇಲ್ಲ, ಸೇಫ್ಟಿ ಪಿನ್ನೂ ಇಲ್ಲ. ಅದು ಬಂದದ್ದು 1849ರಲ್ಲಿ. ಹಿಂದೆ ಲಾಡಿ ಅಥವಾ ಗುಂಡಿ ಇಟ್ಟರೆ ಕಟ್ಟಲು ಇನ್ನೊಬ್ಬರು ಬೇಕು. ಒಬ್ಬರೇ ಇರುವವರಿಗೆ ಮುಂದೆ ಬಿಚ್ಚುವ ಬಗೆ ಒಳ್ಳೆಯದು, 1811ರಲ್ಲಿ ಸ್ವಲ್ಪ ಹಳೆಯದೆನಿಸಿದರೂ. ಲಂಗದ ಎರಡು ಪಕ್ಕದಲ್ಲಿ 25 ಸೆಂಟಿಮೀಟರ್ ಸೀಳು ಬಿಡಿ. ಲಂಗದ ಮುಂದಿನ ತುಂಡಿನ ಮೇಲ್ಗಡೆ ಪಟ್ಟಿ, ಅದಕ್ಕೆ ಎರಡು ಉದ್ದ ಲಾಡಿ, ಪಟ್ಟಿಯ ಮೇಲೆ ಎದೆ ಮುಚ್ಚುವ ಒಂದು ಚೌಕ ತುಂಡು. ಮೊದಲು ಗೌನಿನೊಳಗೆ ತೋಳು ತೂರಿಸಿ, ಲೈನಿಂಗ್‌ನ ಎರಡು ರೆಕ್ಕೆಗಳನ್ನು ಎದೆಯ ಮೇಲೆ ಒಂದರ ಮೇಲೊಂದು ತಂದು ಗುಂಡುಸೂಜಿ ಚುಚ್ಚಿ. ಆಮೇಲೆ ಮುಂದಿನ ತುಂಡನ್ನು ಎತ್ತಿ, ಲಾಡಿಯನ್ನು ಹಿಂದೆ ಸುತ್ತಿ ಮುಂದೆ ತಂದು ಕಟ್ಟಿ. ಕೊನೆಗೆ ಎದೆಯ ಮೇಲಿನ ಚೌಕ ತುಂಡನ್ನು ಭುಜದ ಪಟ್ಟಿಗೆ ಪಿನ್ ಮಾಡಿ. ಸ್ಟೇಸ್ ದಪ್ಪಗಿರುವುದರಿಂದ ಸೂಜಿ ಮೈಗೆ ತಾಗುವುದಿಲ್ಲ.

ಹೆಜ್ಜೆ 7: ಮೇಲಿನ ಪದರ

ಹಗಲಿಗೆ ಕತ್ತು ಮುಚ್ಚಲು ಷೆಮಿಸೆಟ್ ಬೇಕು. ತೋಳಿಲ್ಲದ, ಕಾಲರ್ ಇರುವ ತೆಳು ಅರೆ ಅಂಗಿ ಅದು. ಗೌನಿನೊಳಗೆ ಸಿಕ್ಕಿಸಿ ಲಾಡಿ ಕಟ್ಟುತ್ತಾರೆ. ಉಳಿದ ಸೀರೆಯಲ್ಲಿ ಧಾರಾಳವಾಗಿ ಆಗುತ್ತದೆ. ಚಳಿಗೆ ಎರಡನೇ ಅರ್ಲ್ ಸ್ಪೆನ್ಸರ್ ಹೆಸರಿನ ಗಿಡ್ಡ ಜಾಕೆಟ್, ಇಲ್ಲವೇ ಪೆಲೀಸ್ ಎಂಬ ಉದ್ದ ಕೋಟು. ಸ್ಪೆನ್ಸರ್ ಗಾಢ ಬಣ್ಣದಲ್ಲಿದ್ದರೆ ಬಿಳಿ ಗೌನಿಗೆ ಕಳೆ ಬರುತ್ತದೆ.

ನಿಮ್ಮ ಮನೆಯಲ್ಲಿ ಕಾಶ್ಮೀರಿ ಶಾಲು ಇದ್ದರೆ ಕೋಟಿನ ಗೊಡವೆಯೇ ಬೇಡ. ಅಂದಿನ ದೊಡ್ಡಸ್ತಿಕೆಯ ಗುರುತು ಅದೇ. 1798ರಿಂದ ನಡೆದ ಈಜಿಪ್ಟ್ ದಂಡಯಾತ್ರೆಯಿಂದ ನೆಪೋಲಿಯನ್ನನ ಸೈನಿಕರು ಈ ಶಾಲು ಮನೆಗೆ ತಂದರು. ಅವನ ಹೆಂಡತಿ ಜೋಸೆಫೀನ್ ಅವನ್ನು ರಾಶಿ ಹಾಕಿಕೊಂಡಳು. ಬ್ರಿಟನ್ನಿನಲ್ಲಿ ನಾರ್ವಿಚ್, ಎಡಿನ್‌ಬರೊ, ಪೇಸ್ಲಿ ಊರಿನವರು ನಕಲು ನೇಯ್ದರು. ನಮ್ಮ ಮಾವಿನಕಾಯಿ ಬುಟ್ಟಾಕ್ಕೆ ಜಗತ್ತೆಲ್ಲ ಈಗ ಪೇಸ್ಲಿ ಅನ್ನುವುದು ಆ ಊರಿನಿಂದಾಗಿ. ಶಾಲನ್ನು ಸೆರಗಿನಂತೆ ಒಂದೇ ಭುಜಕ್ಕೆ ಹಾಕಬೇಡಿ. ಬೆನ್ನ ಹಿಂದೆ ಸಡಿಲ ಬಿಟ್ಟು ಎರಡು ಮೊಣಕೈಗೂ ಜೋತುಬಿಡಿ.

ಹೆಜ್ಜೆ 8: ತಲೆಯಿಂದ ಕಾಲಿಗೆ

ಕೂದಲಿಗೆ ನಡು ಬೈತಲೆ, ಹಿಂದೆ ಎತ್ತರಕ್ಕೆ ತುರುಬು, ಕೆನ್ನೆಯ ಪಕ್ಕ ಗುಂಗುರು. ರಾತ್ರಿ ಬಟ್ಟೆಯ ಚೂರಿಗೆ ಕೂದಲು ಸುತ್ತಿ ಮಲಗಿದರೆ ಬೆಳಿಗ್ಗೆ ಗುಂಗುರು ಬಂದಿರುತ್ತದೆ. ತಲೆಗೆ ಬಿಳಿ ಪುಡಿ ಹಾಕಬೇಡಿ. 1795ರಲ್ಲಿ ಅದಕ್ಕೆ ವರ್ಷಕ್ಕೆ ಒಂದು ಗಿನಿ ತೆರಿಗೆ ಬಿದ್ದಮೇಲೆ ಆ ಶೋಕಿ ಬೇಗನೆ ಇಳಿಯಿತು. ಮದುವೆಯಾದ ಹೆಂಗಸರು ಮನೆಯೊಳಗೂ ತೆಳು ಟೊಪ್ಪಿಗೆ ಹಾಕುತ್ತಿದ್ದರು. ಹೊರಗೆ ಹೋಗುವಾಗ ಎಲ್ಲರಿಗೂ ಬಾನೆಟ್ ಬೇಕು. ಒಣಹುಲ್ಲಿನ ಅಗಲ ಟೋಪಿಯ ಹಿಂಭಾಗ ಕತ್ತರಿಸಿ ರಿಬ್ಬನ್ ಹೊಲಿದರೆ ಸಾಕು.

ಕಾಲಿಗೆ ಹಿಮ್ಮಡಿ ಇಲ್ಲದ ಚಪ್ಪಟೆ ಶೂ, ಬ್ಯಾಲೆ ಫ್ಲ್ಯಾಟ್ಸ್ ನಡೆಯುತ್ತದೆ. ಬಿಳಿ ಕಾಲುಚೀಲವನ್ನು ಮೊಣಕಾಲಿನ ಹತ್ತಿರ ಲಾಡಿಯಿಂದ ಕಟ್ಟಿ. ಸಂಜೆಗೆ ಮೊಣಕೈ ದಾಟುವ ಬಿಳಿ ಕೈಗವಸು. ಕೈಯಲ್ಲಿ ರೆಟಿಕ್ಯೂಲ್ ಎಂಬ ಲಾಡಿ ಚೀಲ. ಲಂಗ ಕಿರಿದಾದಾಗ ಒಳಗೆ ಕಟ್ಟುತ್ತಿದ್ದ ಜೇಬು ಉಬ್ಬಿ ಕಾಣುತ್ತಿತ್ತು, ಅದಕ್ಕೇ ಈ ಚೀಲ ಬಂತು. ಫೋನಿಗೂ ಇದೇ ಜಾಗ.

ಹೆಜ್ಜೆ 9: ಉಡುವ ಕ್ರಮ, ನಡೆಯುವ ರೀತಿ

ಶಿಫ್ಟ್, ಕಾಲುಚೀಲ, ಶೂ, ಸ್ಟೇಸ್, ಪೆಟಿಕೋಟ್, ಷೆಮಿಸೆಟ್, ಗೌನು. ಶೂ ಮೊದಲೇ ಹಾಕಿ. ಎದೆಯ ಮಧ್ಯೆ ಸ್ಕೇಲು ಕೂತಮೇಲೆ ಬಗ್ಗಲು ಆಗುವುದಿಲ್ಲ. ಬಿದ್ದದ್ದನ್ನು ಎತ್ತಬೇಕಾದರೆ ಮಂಡಿ ಬಗ್ಗಿಸಿ ನೆಟ್ಟಗೆ ಇಳಿಯಿರಿ. ಆ ಕಾಲದ ಚಿತ್ರಗಳಲ್ಲಿ ಹೆಂಗಸರು ಕುರ್ಚಿಯ ಅಂಚಿಗೆ ನೆಟ್ಟಗೆ ಕೂತಿರುವುದು ಬರೀ ಮರ್ಯಾದೆಗಲ್ಲ, ಈ ಪಟ್ಟಿಯ ಕೆಲಸ ಕೂಡ.

ಕುಣಿಯುವಾಗ ಕೈಗವಸು ಇರಬೇಕು, ಊಟಕ್ಕೆ ಕೂತಾಗ ತೆಗೆಯಬೇಕು. 'ಬೆಳಗಿನ ಭೇಟಿ' ಅಂದರೆ ಮಧ್ಯಾಹ್ನದ ಮೇಲೆ. ಆ ಜನ ರಾತ್ರಿಯೂಟದವರೆಗಿನ ಹೊತ್ತನ್ನೆಲ್ಲ ಬೆಳಗು ಅಂತಲೇ ಕರೆಯುತ್ತಿದ್ದರು. ಹೆಚ್ಚೆಂದರೆ ಅರ್ಧ ಗಂಟೆ ಕೂತು ಏಳುವುದು ಪದ್ಧತಿ.

ಅರಮನೆಗೆ ಹೋಗುವ ಪಾತ್ರವಾದರೆ ಇಷ್ಟು ಹೊತ್ತು ಹೇಳಿದ್ದರಲ್ಲಿ ಅರ್ಧ ಮರೆತುಬಿಡಿ. ಅಲ್ಲಿ ಹಳೆಯ ಕಾಲದ ದೊಡ್ಡ ಬಳೆಲಂಗವೇ (ಒಳಗೆ ಬಳೆಯಂಥ ಪಟ್ಟಿ ಕೊಟ್ಟು ಉಬ್ಬಿಸಿದ ಲಂಗ) ಆಗಬೇಕಿತ್ತು, ಸೊಂಟ ಮಾತ್ರ ಎದೆಯ ಕೆಳಗೆ. ಅಂದರೆ ಕಂಕುಳಿನ ಹತ್ತಿರದಿಂದಲೇ ಡೇರೆ ಶುರು! 1820ರಲ್ಲಿ ನಾಲ್ಕನೇ ಜಾರ್ಜ್ ಅದನ್ನು ನಿಲ್ಲಿಸಿದ. ಚಿತ್ರ ಹುಡುಕಿ ನೋಡಿ, ನಗು ಬರದಿದ್ದರೆ ಕೇಳಿ.

ಬ್ರಿಟನ್ನಿನಲ್ಲಿರುವ ಕನ್ನಡದವರು ಹೊಲಿದ ಗೌನನ್ನು ಬಾತ್ ನಗರಕ್ಕೆ ತೆಗೆದುಕೊಂಡು ಹೋಗಬಹುದು. ಪ್ರತಿ ಸೆಪ್ಟೆಂಬರ್‌ನಲ್ಲಿ ಅಲ್ಲಿ ಇದೇ ಉಡುಪಿನಲ್ಲಿ ನೂರಾರು ಜನ ಬೀದಿಯಲ್ಲಿ ಮೆರವಣಿಗೆ ಹೋಗುತ್ತಾರೆ. ಇಲ್ಲೇ ಇರುವವರು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಅಂತರ್ಜಾಲದಲ್ಲಿ ಇಟ್ಟಿರುವ ಫೋಟೋ ನೋಡಿ. ಬೆನ್ನಿನ ಫೋಟೋ ಇದ್ದರೆ ಮೊದಲು ಅದನ್ನೇ ಉಳಿಸಿಕೊಳ್ಳಿ.

ಗೌನನ್ನು ಮಿಷಿನ್ನಿಗೆ ಹಾಕಬೇಡಿ, ತಣ್ಣೀರಲ್ಲಿ ಕೈಯಲ್ಲೇ ಒಗೆದು ನೆರಳಲ್ಲಿ ಒಣಗಿಸಿ. ಬಿಳಿಗೆ ಸ್ವಲ್ಪ ನೀಲಿ ಹಾಕಬಹುದು, ಅಂದಿನ ಅಗಸಗಿತ್ತಿಯರೂ ಹಾಕುತ್ತಿದ್ದರು. ಗಂಜಿ ಮಾತ್ರ ಷೆಮಿಸೆಟ್‌ನ ಕಾಲರಿಗೆ ಸಾಕು. ಲಂಗಕ್ಕೂ ಹಾಕಿದರೆ ಹಿಂದಿನ ನೆರಿಗೆಯೆಲ್ಲ ಸೆಟೆದು ನಿಂತುಬಿಡುತ್ತದೆ.